ಪಂಡಿತಾ ರಮಾಬಾಯಿ

ಮುಂಬಯಿಯ ಚೌಪಾಟಿ ಯಾರಿಗೆ ಗೊತ್ತಿಲ್ಲ? ಆದರೆ 1889ರ ಮಾರ್ಚ್‌ನಲ್ಲಿ ಅಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನದ ನೆನಪು ಎಷ್ಟು ಜನಕ್ಕಿದೆ? ಅದನ್ನು ತೆರೆದಾಕೆ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು.

ತಾಯಿಯಿಂದಲೇ ಸಂಸ್ಕೃತ ಕಲಿತ ರಮಾಬಾಯಿ ಬರಗಾಲದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’ ಎಂಬ ಬಿರುದು ಕೊಟ್ಟರು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನೂ ತೀರಿಹೋದರು. ಮುಂದೆ ಇಂಗ್ಲೆಂಡಿನಲ್ಲಿ, ಸಮಾಜ ಕೈಬಿಟ್ಟ ಹೆಂಗಸರನ್ನು ಕ್ರೈಸ್ತ ಸೋದರಿಯರು ಆರೈಕೆ ಮಾಡೋದನ್ನು ಕಂಡರು. ಅದು ಮನಸ್ಸಿಗೆ ನಾಟಿತು. 1883ರಲ್ಲಿ ಆ ಧರ್ಮ ಸ್ವೀಕರಿಸಿದರು.

ಸದನಕ್ಕೆ ಮೊದಲು ಸೇರಿದ ವಿಧವೆ ಗೋದೂಬಾಯಿ, ಆಮೇಲೆ ಮಹರ್ಷಿ ಕರ್ವೆಯವರ ಕೈಹಿಡಿದರು. 1890ರಲ್ಲಿ ಸದನ ಪುಣೆಗೆ ಹೋಯಿತು. ಮತಾಂತರ ಮಾಡಿಸ್ತಾರೆ ಅಂತ ಊರಿನ ದೊಡ್ಡವರೇ ತಿರುಗಿಬಿದ್ದರು. ಅನೇಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಕೆಲಸ ಬಿಡಲಿಲ್ಲ. 1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ, ಹಸಿದು ಸಾಯುತ್ತಿದ್ದ ನೂರಾರು ಹುಡುಗಿಯರನ್ನು ಕರೆತಂದರು. ಹಸಿವು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೇಡಗಾಂವದ ‘ಮುಕ್ತಿ’ ಆ ಹುಡುಗಿಯರ ಮನೆಯಾಯಿತು.

ಪಂಡಿತರ ಸಭೆಯಲ್ಲಿ ಮೆರೆದ ಆಕೆ, ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತರು. ಯಾಕೆ? ಓದು ಕಡಿಮೆಯಿರುವ ಹಳ್ಳಿಯ ಹೆಂಗಸಿಗೂ ತಿಳಿಯುವ ಸರಳ ಮರಾಠಿಯಲ್ಲಿ ಬೈಬಲ್ ಬರೆಯೋದಕ್ಕೆ. ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು.

ವಿನಯ ಅಂದರೆ ತಲೆತಗ್ಗಿಸಿ ನಿಲ್ಲೋದಲ್ಲ, ಮಿತ್ರರೇ. ತಾನು ಕಲಿತದ್ದನ್ನೆಲ್ಲ ಕಲಿಯದವರ ಬಾಗಿಲಿಗೆ ಹೊತ್ತುಕೊಂಡು ಹೋಗೋದು.