ಹಳಿಯಾಳದ ಒಂಬತ್ತು ಗೆಲುವು

ಮಕ್ಕಳೇ, ರಜೆಗೆ ಊರಿಗೆ ಬಂದಾಗ ನಿಮ್ಮಲ್ಲಿ ಕೆಲವರು ದಾಂಡೇಲಿಯ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಿರಬಹುದು. ಆ ದಾಂಡೇಲಿ, ಅದರ ಪಕ್ಕದ ಹಳಿಯಾಳ, ಕಾಡೊಳಗಿನ ಜೋಯಿಡಾ ಮೂರೂ ಸೇರಿದ್ದು ಹಳಿಯಾಳ ವಿಧಾನಸಭಾ ಕ್ಷೇತ್ರ.

ಈ ಕ್ಷೇತ್ರದ ಶಾಸಕ ಆರ್. ವಿ. ದೇಶಪಾಂಡೆ, ಅಂದರೆ ರಘುನಾಥ ವಿಶ್ವನಾಥರಾವ್ ದೇಶಪಾಂಡೆ, ಹಳಿಯಾಳದಿಂದ ಮೊದಲ ಸಲ ಗೆದ್ದದ್ದು 1983ರಲ್ಲಿ. ನಿಮ್ಮ ಅಪ್ಪ ಅಮ್ಮಂದಿರು ಆಗ ಶಾಲೆಯ ಚೀಲ ಹೊತ್ತು ಓಡಾಡುತ್ತಿದ್ದರೇನೋ. ಅಲ್ಲಿಂದ ಸಾಲಾಗಿ ಆರು ಗೆಲುವು. ಮೊದಲು ಜನತಾ ಪರಿವಾರದಲ್ಲಿದ್ದವರು 1999ರ ಹೊತ್ತಿಗೆ ಕಾಂಗ್ರೆಸ್ಸಿಗೆ ಬಂದರು. ಎಸ್. ಎಂ. ಕೃಷ್ಣ ಸರ್ಕಾರದಲ್ಲಿ ಕೈಗಾರಿಕಾ ಸಚಿವರು, 2018ರಲ್ಲಿ ಕಂದಾಯ ಸಚಿವರು. ನಡುವೆ ಉನ್ನತ ಶಿಕ್ಷಣ, ಪ್ರವಾಸೋದ್ಯಮ. ಖಾತೆಗಳ ಪಟ್ಟಿ ಉದ್ದವಿದೆ, ಬಿಡಿ.

ನನಗೆ ಹೆಚ್ಚು ಕುತೂಹಲ 2008ರ ಬಗ್ಗೆ. ಆ ವರ್ಷ ಅವರು ಸುನೀಲ್ ಹೆಗಡೆ ಅವರೆದುರು ಸೋತರು. ಇಪ್ಪತ್ತೈದು ವರ್ಷ ಕೈಹಿಡಿದ ಜನ ಈ ಸಲ ಬೇಡ ಅಂದರು. ಐದು ವರ್ಷ ಕಳೆದು 2013ರಲ್ಲಿ ಮತ್ತೆ ದೇಶಪಾಂಡೆಯವರನ್ನೇ ಆರಿಸಿದರು, 2018ರಲ್ಲೂ. 2023ರಲ್ಲಿ ಅದೇ ಹೆಗಡೆ ಎದುರಾಳಿ. ದೇಶಪಾಂಡೆ ಗೆದ್ದರು, ಆದರೆ ಅಂತರ ನಾಲ್ಕು ಸಾವಿರ ಮತವನ್ನೂ ದಾಟಲಿಲ್ಲ. ಎಷ್ಟೇ ಹಳಬರಾದರೂ ಹಳಿಯಾಳದವರು ಕುರ್ಚಿಯನ್ನು ಯಾರಿಗೂ ಬರೆದುಕೊಟ್ಟಿಲ್ಲ.

ಆ 2023ರ ಮೇ ತಿಂಗಳಲ್ಲಿ ಅವರಿಗೆ ಸಿಕ್ಕಿದ್ದು ಮೂರೇ ದಿನದ ಕೆಲಸ, ಹಂಗಾಮಿ ಸ್ಪೀಕರ್. ಹೊಸ ಸದನ ಸೇರಿದಾಗ ಸ್ಪೀಕರ್ ಇನ್ನೂ ಆಯ್ಕೆಯಾಗಿರುವುದಿಲ್ಲ. ಹಾಗಾದರೆ ಗೆದ್ದವರಿಗೆ ಪ್ರಮಾಣವಚನ ಬೋಧಿಸುವವರು ಯಾರು? ಸಾಮಾನ್ಯವಾಗಿ ಹಿರಿಯ ಸದಸ್ಯರೊಬ್ಬರನ್ನು ರಾಜ್ಯಪಾಲರು ನೇಮಿಸುತ್ತಾರೆ. ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಶಾಸಕರಾಗಿ ದೇಶಪಾಂಡೆಯವರೆದುರೇ ಪ್ರಮಾಣವಚನ ಸ್ವೀಕರಿಸಿದರು. ಮೇ 24ರಂದು ಯು. ಟಿ. ಖಾದರ್ ಸ್ಪೀಕರ್ ಆದೊಡನೆ ದೇಶಪಾಂಡೆ ಪೀಠ ಬಿಟ್ಟು ಇಳಿದರು.

ಸಚಿವಗಿರಿಗಿಂತ ಊರಲ್ಲಿ ಕಣ್ಣಿಗೆ ಬೀಳುವುದು ಬೇರೆ. ಹಳಿಯಾಳದಲ್ಲಿ ಅವರ ತಂದೆಯ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ. ಕೆನರಾ ಬ್ಯಾಂಕ್ ಜೊತೆಗೂಡಿ ನಡೆಯುವ ದೇಶಪಾಂಡೆ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಹಳ್ಳಿಯ ಹುಡುಗ ಹುಡುಗಿಯರು ಹೊಲಿಗೆ, ಹೈನುಗಾರಿಕೆಯಂಥ ಕಸುಬು ಕಲಿತು ಹೋಗುತ್ತಾರೆ, ಶುಲ್ಕವಿಲ್ಲ.

ಎಲ್ಲವೂ ಆಯಿತೆಂದಲ್ಲ. ಉತ್ತರ ಕನ್ನಡದ ಸಿದ್ದಿ ಸಮುದಾಯಕ್ಕೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅದೇ ಮಾನ್ಯತೆಗಾಗಿ ಜೋಯಿಡಾದ ಕುಣಬಿಗಳು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಕಾಡಿನಂಚಿನಲ್ಲಿ ಗೆಡ್ಡೆ ಗೆಣಸು ಬೆಳೆಯುವ ಜನ ಅವರು. ಇಷ್ಟು ಹಿರಿಯ ಶಾಸಕರಿರುವ ಕ್ಷೇತ್ರದಲ್ಲಿ ಅವರಿಗೆ ಅದು ಇನ್ನೂ ಯಾಕೆ ಸಿಕ್ಕಿಲ್ಲ ಎಂದು ಕೇಳದಿರುವುದು ಸರಿಯಲ್ಲ.

ಮುಂದಿನ ಬಾರಿ ಅಜ್ಜಿಗೆ ಫೋನ್ ಮಾಡಿದಾಗ ಕೇಳಿ: ಅಜ್ಜಿ, ನಮ್ಮೂರಿನ ಶಾಸಕರು ಯಾರು, ಎಷ್ಟನೇ ಸಲ ಗೆದ್ದಿದ್ದಾರೆ, ಊರಿಗೆ ಏನು ಮಾಡಿದ್ದಾರೆ? ಅಜ್ಜಿ ಹೇಳಿದ್ದನ್ನು ಕನ್ನಡದಲ್ಲೇ ಬರೆದಿಡಿ.