ಜಿಲೆಟಿನ್ ಕಡ್ಡಿಯ ಹಿಂದಿನ ಮನುಷ್ಯ

ಚಿಕ್ಕಬಳ್ಳಾಪುರ ಸೀಮೆಯ ಕಲ್ಲು ಕ್ವಾರಿಗಳಲ್ಲಿ ಜಿಲೆಟಿನ್ ಎಂಬ ಹೆಸರನ್ನು ಕೇಳದವರಿಲ್ಲ. 2021ರ ಫೆಬ್ರುವರಿಯಲ್ಲಿ ಅದೇ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಪ್ರಾಣ ಕಳೆದುಕೊಂಡರು. ಇಂದಿನ ಕಡ್ಡಿಗಳಲ್ಲಿರುವುದು ಬಹುಮಟ್ಟಿಗೆ ಅಮೋನಿಯಂ ನೈಟ್ರೇಟ್ ಆಧಾರಿತ ಮಿಶ್ರಣ. ಹೆಸರು ಮಾತ್ರ ಆಲ್‌ಫ್ರೆಡ್ ನೊಬೆಲ್‌ನ ಕಾಲದಿಂದ ಬಂದದ್ದು.

1833ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಜನಿಸಿದ ನೊಬೆಲ್ ಬೆಳೆದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ನೈಟ್ರೋಗ್ಲಿಸರಿನ್ ಎಂಬ ಅಪಾಯಕಾರಿ ದ್ರವವನ್ನು ಪಳಗಿಸುವುದೇ ಆತನ ಹಟವಾಯಿತು. 1864ರಲ್ಲಿ ಸ್ಟಾಕ್‌ಹೋಮ್‌ನ ಕಾರ್ಯಾಗಾರ ಸಿಡಿದಾಗ ಸತ್ತವರಲ್ಲಿ ತಮ್ಮ ಎಮಿಲ್ ಕೂಡ ಇದ್ದ. ಆತ ಕೆಲಸ ಬಿಡಲಿಲ್ಲ. 1867ರ ಡೈನಮೈಟ್‌ನಲ್ಲಿ ದ್ರವವನ್ನು ಹಗುರವಾದ ಮಣ್ಣಿಗೆ ಹೀರಿಸಿದ. ಆದರೆ ಮಣ್ಣಿನಿಂದ ಶಕ್ತಿ ಕುಂದಿತು. ತೇವ ತಗುಲಿದರೆ ದ್ರವ ಜಿನುಗುತ್ತಿತ್ತು.

1875ರಲ್ಲಿ ಮಣ್ಣಿನ ಬದಲು ನೈಟ್ರೋಸೆಲ್ಯುಲೋಸ್ ಬೆರೆಸಿದ. ಲೋಳೆಯಂಥ ಸ್ಫೋಟಕ ಸಿದ್ಧವಾಯಿತು. ನೈಟ್ರೋಸೆಲ್ಯುಲೋಸ್ ಉದ್ದ ಸರಪಳಿಯ ಅಣು. ಕಾದಾಗ ಅದರಿಂದ ಹೊರಬೀಳುವ ನೈಟ್ರೋಜನ್ ಡೈಆಕ್ಸೈಡ್ ಒಳಗೇ ಉಳಿದರೆ ಮಿಕ್ಕ ಸರಪಳಿಗಳನ್ನೂ ಕಡಿಯುತ್ತದೆ. ವಿಘಟನೆ ತಾನಾಗಿ ವೇಗ ಪಡೆಯುತ್ತದೆ. ಮೃದುಕಾರಿಯೊಂದನ್ನು ಸೇರಿಸಿದರೆ ಸರಪಳಿಗಳು ಸಡಿಲಗೊಂಡು ಪದಾರ್ಥದ ಪೆಡಸುತನ ಹೋಗುತ್ತದೆ. ಆದರೆ ಯಾವ ಮೃದುಕಾರಿ ಎಂಬುದು ಮುಖ್ಯ. ನೈಟ್ರೋಗ್ಲಿಸರಿನ್ ತಾನೂ ಒಡೆದು ಶಾಖವನ್ನು ಕೂಡಿಸುತ್ತದೆ. ಕರ್ಪೂರ ಉರಿಯ ಬಿಸಿಯನ್ನು ತಗ್ಗಿಸುತ್ತದೆ. 1887ರಲ್ಲಿ ರೂಪಿಸಿದ ಬ್ಯಾಲಿಸ್ಟೈಟ್ ಎಂಬ ತೋಪಿನ ಮದ್ದಿನಲ್ಲಿ ನೊಬೆಲ್ ಎರಡನ್ನೂ ಬಳಸಿದ. ದೇವರಮನೆಯ ಡಬ್ಬಿಯಲ್ಲಿ ಕರ್ಪೂರ ಹೇಗೆ ಸವೆಯುತ್ತದೆಂದು ನಮ್ಮ ಗೃಹಿಣಿಯರು ಬಲ್ಲರು. ಮದ್ದಿನಲ್ಲಿಯೂ ಅದು ಕ್ರಮೇಣ ಆವಿಯಾಗುತ್ತದೆ, ಆಗ ಉರಿಯುವ ರೀತಿಯೇ ಬದಲಾಗುತ್ತದೆ.

ಬ್ರಿಟನ್ನಿನ ಏಬಲ್ ಮತ್ತು ಡ್ಯೂವರ್ ಕರ್ಪೂರ ಬಿಟ್ಟು ವ್ಯಾಸಲೀನ್ ಸೇರಿಸಿ 1889ರಲ್ಲಿ ಕಾರ್ಡೈಟ್ ತಯಾರಿಸಿದರು. ಇದು ತನ್ನ ಪೇಟೆಂಟಿನ ಉಲ್ಲಂಘನೆಯೆಂದು ನೊಬೆಲ್‌ನ ಕಡೆಯವರು ದಾವೆ ಹೂಡಿದರು. ಪೇಟೆಂಟಿನಲ್ಲಿ ಕರಗುವ ಬಗೆಯ ನೈಟ್ರೋಸೆಲ್ಯುಲೋಸ್ ಎಂದು ಬರೆದಿತ್ತು. ಕಾರ್ಡೈಟ್‌ನಲ್ಲಿದ್ದದ್ದು ಕರಗದ ಬಗೆ. 1895ರಲ್ಲಿ ದಾವೆ ಸೋತಿತು. ಒಂದು ವಿಶೇಷಣ ಎಷ್ಟು ದುಬಾರಿಯಾಗಬಲ್ಲದೆಂಬುದು ಕಡತ ಬರೆದು ಸವೆದ ನನ್ನಂಥವರಿಗೆ ಚೆನ್ನಾಗಿ ಗೊತ್ತು.

ಆ ವರ್ಷದ ನವೆಂಬರಿನಲ್ಲಿಯೇ ನೊಬೆಲ್ ತನ್ನ ಆಸ್ತಿಯ ಬಹುಪಾಲನ್ನು ಬಹುಮಾನಗಳಿಗೆ ಮೀಸಲಿಟ್ಟು ಉಯಿಲು ಬರೆದ. ಆಗಲೇ ಹೃದ್ರೋಗ ಬಾಧಿಸುತ್ತಿತ್ತು. ವೈದ್ಯರು ಸೂಚಿಸಿದ ಔಷಧ ನೈಟ್ರೋಗ್ಲಿಸರಿನ್. 1896ರ ಡಿಸೆಂಬರ್ 10ರಂದು ಇಟಲಿಯ ಸ್ಯಾನ್ ರೆಮೋದಲ್ಲಿ ಆತ ತೀರಿಕೊಂಡ.