ಸೋಫಿ ಷೋಲ್ ಎಂಬ ವಿದ್ಯಾರ್ಥಿನಿಯ ಚರಿತ್ರೆ

ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲನೆಯ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗ್ ಪಾದ್ರಿಗಳ ಜನ್ಮಭೂಮಿಯು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆ. ಅದೇ ಸೀಮೆಯ ಫೋರ್ಖ್ಟೆನ್‌ಬರ್ಗ್ ಎಂಬ ಚಿಕ್ಕ ಊರಲ್ಲಿ 1921ನೆಯ ಮೇ 9ರಂದು ಸೋಫಿ ಷೋಲ್ ಜನಿಸಿದಳು. ತಂದೆ ರಾಬರ್ಟರು ಆ ಊರಿನ ಪುರಾಧ್ಯಕ್ಷರು. ತಾಯಿ ಮಗ್ದಲೇನರು ವಿವಾಹಕ್ಕೆ ಮುಂಚೆ ಸಭೆಯ ಸೇವೆಗೆ ಒಪ್ಪಿಸಿಕೊಂಡು ರೋಗಿಗಳನ್ನು ಉಪಚರಿಸಿದ ಭಕ್ತೆ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ಈ ಕುಟುಂಬವು ಉಲ್ಮ್ ನಗರದಲ್ಲಿತ್ತು. ಸಮವಸ್ತ್ರ, ಧ್ವಜ, ಹಾಡು, ವನವಿಹಾರಗಳಿಂದ ಮಕ್ಕಳ ಮನಸ್ಸನ್ನು ಸೆಳೆಯುತ್ತಿದ್ದ ಸರಕಾರದ ಬಾಲಿಕಾ ಸಂಘಕ್ಕೆ ಸೋಫಿಯೂ ತಂದೆಯ ಮಾತನ್ನು ಮೀರಿ ಸಂತೋಷದಿಂದ ಸೇರಿದಳು, ನಾಯಕಿಯೂ ಆದಳು. ಇದನ್ನು ನಾವು ಮರೆಮಾಚುವುದಿಲ್ಲ. ಆದರೆ ಯೆಹೂದಿ ಗೆಳತಿಗೆ ಆ ಸಂಘದಲ್ಲಿ ಸ್ಥಳವಿಲ್ಲವೆಂಬುದು ಆಕೆಯ ಮನಸ್ಸನ್ನು ಚುಚ್ಚಿತು. 1937ರಲ್ಲಿ ನಿಷಿದ್ಧವಾದ ಯುವಕರ ಕೂಟದ ನಿಮಿತ್ತ ಅಣ್ಣ ಹಾನ್ಸನು ಸೆರೆಯಾದನು.

ಆ ರಾಜ್ಯದಲ್ಲಿ ಮನೆಯ ಗೋಡೆಗೂ ಕಿವಿಯಿತ್ತು. 1939ರಿಂದ ಪರದೇಶದ ರೇಡಿಯೋ ಕೇಳುವುದೂ ಅಪರಾಧವಾಗಿತ್ತು. ಹಿಟ್ಲರನನ್ನು ಕುರಿತು ಆಡಿದ ಒಂದು ಮಾತನ್ನು ಕಚೇರಿಯ ಕೆಲಸದವಳು ದೂರಿದ್ದರಿಂದ 1942ರಲ್ಲಿ ರಾಬರ್ಟರು ಕಾರಾಗೃಹ ಸೇರಿದರು. ಸೋಫಿಯು ಶಿಶುವಿಹಾರದ ಶಿಕ್ಷಣ ಪಡೆದು, ಕಡ್ಡಾಯದ ಶ್ರಮಸೇವೆಯನ್ನೂ ಮುಗಿಸಿದ ಮೇಲೆಯೇ, ಅದೇ ವರುಷದ ಮೇ ತಿಂಗಳಲ್ಲಿ ಮ್ಯೂನಿಕ್ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದಳು.

ಅಲ್ಲಿ ಹಾನ್ಸನೂ ಅವನ ಮಿತ್ರರೂ ಬಿಳಿ ಗುಲಾಬಿ ಎಂಬ ಹೆಸರಿನಲ್ಲಿ, ಸರಕಾರದ ಕ್ರೌರ್ಯವನ್ನು ಬಯಲಿಗೆಳೆಯುವ ಕರಪತ್ರಗಳನ್ನು ಗುಟ್ಟಾಗಿ ಹಂಚುತ್ತಿದ್ದರು. ಸೋಫಿಯೂ ಜೊತೆಗೂಡಿದಳು. ಒಂದೇ ಅಂಗಡಿಯಲ್ಲಿ ಹೆಚ್ಚು ಕಾಗದವನ್ನಾಗಲಿ ಅಂಚೆಚೀಟಿಗಳನ್ನಾಗಲಿ ಕೊಂಡರೆ ಸಂಶಯ ಹುಟ್ಟುವುದರಿಂದ, ಅವರು ಅಲ್ಲಲ್ಲಿ ಸ್ವಲ್ಪಸ್ವಲ್ಪವಾಗಿ ಕೊಂಡರು. ಸೋಫಿಯು ಪತ್ರಗಳನ್ನು ರೈಲಿನಲ್ಲಿ ಪರಸ್ಥಳಗಳಿಗೆ ಕೊಂಡೊಯ್ದಳು.

1943ನೆಯ ಫೆಬ್ರವರಿ 18ರಂದು ವಿಶ್ವವಿದ್ಯಾನಿಲಯದಲ್ಲಿ ಕರಪತ್ರ ಹರಡುತ್ತಿದ್ದ ಅಣ್ಣತಂಗಿಯರನ್ನು ಅಲ್ಲಿನ ಕಾವಲುಗಾರನು ಹಿಡಿದೊಪ್ಪಿಸಿದನು. ಸೋಫಿಯು ಮೊದಲು ಅಲ್ಲಗಳೆದರೂ, ಅಣ್ಣನು ಒಪ್ಪಿಕೊಂಡನೆಂದು ತಿಳಿದ ಬಳಿಕ ಹೊಣೆಯನ್ನು ತಾನೂ ಹೊತ್ತಳು. 22ರಂದು ವಿಚಾರಣೆ, ಅಂದೇ ಸಾಯಂಕಾಲ ಇಬ್ಬರಿಗೂ, ಮೂರು ಮಕ್ಕಳ ತಂದೆಯಾದ ಕ್ರಿಸ್ಟೋಫ್ ಪ್ರೋಬ್‌ಸ್ಟನಿಗೂ ಶಿರಶ್ಛೇದ. ಅದಕ್ಕೆ ಮುಂಚೆ ನೋಡಬಂದ ತಾಯಿ ತಂದ ಮಿಠಾಯಿಯನ್ನು ಸೋಫಿಯು ಸಂತೋಷದಿಂದ ತೆಗೆದುಕೊಂಡಳು. ಯೇಸುವನ್ನು ಮರೆಯಬೇಡವೆಂದು ತಾಯಿ ಬುದ್ಧಿ ಹೇಳಲು, ಮಗಳು ತಾಯಿಗೂ ಅದನ್ನೇ ಹೇಳಿದಳು. ಆಗ ಆಕೆಗೆ 21 ವರುಷ.

ಆ ಕೊನೆಯ ಕರಪತ್ರವು ಇಂಗ್ಲೆಂಡಿಗೆ ತಲುಪಿ, ಅದೇ ವರುಷ ವಿಮಾನಗಳಿಂದ ಜರ್ಮನಿಯ ಮೇಲೆ ಸುರಿಯಿತು.

ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿದ ತಂದೆತಾಯಂದಿರೂ ಇಲ್ಲಿ ಕಲಿತು ಹೋದ ಸಹೋದರಿಯರೂ ಈ ಚರಿತ್ರೆಯನ್ನು ಆಲೋಚಿಸಲೆಂದು ನಾವು ಕೋರುತ್ತೇವೆ. ಎಲ್ಲರೂ ಹಾಡುವ ಹಾಡನ್ನು ಸೋಫಿಯೂ ಹಾಡಿದಳು; ಅದು ಸುಳ್ಳೆಂದು ತಿಳಿದ ದಿನ ನಿಲ್ಲಿಸಿದಳು. ವಿದ್ಯೆಯ ಫಲವು ಇದಲ್ಲದೆ ಮತ್ತೇನು?